ಗುಂಡಿ ಕೊರೆಯೋ ಮಿಷನ್ನು: ಪೆಟ್ರೋಲಾ, ಬ್ಯಾಟ್ರಿಯಾ?

ಹೋದ ಕಿತ ಬಸ್ಸಾರಿನ ವಿಷ್ಯ ಬರೆದಿದ್ದೆ, ಈ ಕಿತ ಅಡುಗೆಮನೆ ಬುಟ್ಟು ಹೊಲಕ್ಕೆ ಬಂದಿವ್ನಿ. ಆದ್ರೂ ಇದು ಸಾಮಾನು ಕೊಳ್ಳೋ ವಿಷ್ಯಾನೇ. ಮಿಕ್ಸಿ ತಗಳುವಾಗ ನಾವು ನಾಕು ಅಂಗ್ಡಿ ಹತ್ತಿ ಇಳೀತೀವಿ, ಜಾರಿನ ಮುಚ್ಚಳ ಬಿಗಿಯಾಗಿ ಕೂರ್ತದಾ ಅಂತ ನೋಡ್ತೀವಿ, ಓಡ್ಸಿ ಸದ್ದು ಕೇಳ್ತೀವಿ. ಹೊಲದ ಮಿಷನ್ನು ಅಂದ್ರೆ ಮಾತ್ರ ಗಂಡಸ್ರು ಹೋಗಿ, ಅಂಗ್ಡಿಯವ್ನು ಯಾವ್ದು ತೋರಿಸ್ದ್ನೋ ಅದ್ನ ಗಾಡಿ ಮೇಲೆ ಹಾಕ್ಕೊಂಡು ಬತ್ತಾರೆ. ಈ ಸಲ ಅಂಗಾಗ್ಲಿಲ್ಲ. ನಾನು, ನಮ್ಮ ಓರಗಿತ್ತಿ, ಪಕ್ಕದ್ಮನೆ ಅಕ್ಕ ಮೂರು ಜನವೂ ಸೇರಿ ಗುಂಡಿ ಕೊರೆಯೋ ಮಿಷನ್ನು ತಂದೊ. ನಮ್ಮ ದುಡ್ಡಲ್ಲೇ ತಂದೊ. ಅದಕ್ಕೇ ಎಲ್ರೂ ಕೇಳ್ತಾವ್ರೆ, ಯಾವ್ದು, ಎಂಗೆ, ಯಾಕೆ ಅಂತ. ಒಬ್ಬೊಬ್ರಿಗೆ ಹೇಳೋ ಬದ್ಲು ಇಲ್ಲೇ ಬರೆದುಬುಡ್ತೀನಿ.

ಬೇಕಾಗಿದ್ದು ಯಾಕೆ ಅಂದ್ರೆ, ನಮ್ಮ ಒಂದೂಕಾಲು ಎಕ್ರೆಗೆ ಎರಡು ಕಡೆ ಬೇಲಿ ಇಲ್ಲ. ಹಂದಿ ಕಾಟ ನಿಮಗೆ ಹೇಳ್ಬೇಕಾಗಿಲ್ಲ. ಎಂಟಡಿಗೊಂದು ಕಲ್ಲು ಕಂಬ ಅಂದ್ರೆ ಐವತ್ತೆರಡು ಗುಂಡಿ. ಬಾಳೆಕಂದು ನೂರು. ಬದಾದ ಮೇಲೆ ಸಿಲ್ವರ್ ಗಿಡ ಮೂವತ್ತು. ಎಲ್ಲಾ ಸೇರಿ ನೂರೆಂಬತ್ತರ ಮೇಲೆ ಗುಂಡಿ. ನಮ್ಮ ಯಜಮಾನ್ರಿಗೆ ಆಪ್ರೇಷನ್ ಆದ್ಮೇಲೆ ಡಾಕ್ಟ್ರು ಹಾರೆ, ಗುದ್ದಲಿ ಮುಟ್ಟಬಾರ್ದು ಅಂತ ಹೇಳವ್ರೆ. ಅವ್ರು ಮುಟ್ಟಬಾರ್ದು ಅಂದ್ರೆ ಮುಟ್ಟದೆ ಇರೋ ಜಾತಿ ಅಲ್ಲ. ನಾನು ಕೊಟ್ಟಿಗೆ ಕಡೆ ಹೋದ್ರೆ ಸಾಕು, ಹಾರೆ ತಗೊಂಡು ಹಿಂದ್ಲಿಂದ ಹೊಲಕ್ಕೆ ಹೋಗೋರು. ಎರಡು ಸಲ ಹಾರೆ ಬಚ್ಚಿಟ್ಟೆ. ಹಾರೆ ಬಚ್ಚಿಟ್ಟು ಎಷ್ಟು ದಿನ ಒಂದು ಮನುಷನ್ನ ಕಾಯಕ್ಕಾಯ್ತದೆ ಹೇಳಿ.

ಆಳು ಸಿಕ್ಕಿದ್ರೆ ಮಿಷನ್ನು ಲಾಭ ಅಲ್ಲ, ಇದನ್ನ ಮೊದ್ಲೇ ಹೇಳ್ಬುಡ್ತೀನಿ. ಒಬ್ಬ ಗಂಡಾಳು ದಿನಕ್ಕೆ ಎರಡಡಿ ಆಳದ ಹತ್ತು ಹನ್ನೆರಡು ಗುಂಡಿ ತೋಡ್ತಾನೆ. ಲೆಕ್ಕ ಹಾಕಿದ್ರೆ ನಮಗೆ ಹದಿನೈದು ಆಳು ಸಾಕು, ಮಿಷನ್ನಿನ ಕಾಲು ಭಾಗದ ದುಡ್ಡು. ಆದ್ರೆ ಆ ಹದಿನೈದು ಆಳು ನಮಗೆ ಬೇಕಾಗಿರೋದು ಯಾವಾಗ? ಭರಣಿ, ಕೃತ್ತಿಕೆ ಮಳೆ ಬಿದ್ದು ಮಣ್ಣು ಮೆತ್ತಗಾದ ನಾಕು ದಿನದಲ್ಲಿ. ಆ ನಾಕು ದಿನ ಊರಿಗೆಲ್ಲಾ ಆಳು ಬೇಕು. ಅದು ಬುಟ್ರೆ ಮಣ್ಣು ಮತ್ತೆ ಕಲ್ಲಾಯ್ತದೆ, ರೋಹಿಣಿ ಕಳೀತದೆ, ಬಾಳೆಕಂದು ನೆರಳಲ್ಲೇ ಒಣಗ್ತದೆ. ಹೋದ ವರ್ಷ ನಮ್ಮ ಓರಗಿತ್ತಿ ಅರವತ್ತು ಕಂದು ಇಂಗೇ ಕಳ್ಕೊಂಡ್ಳು.

ಸರಿ, ಮಿಷನ್ನು ಅಂದ್ಮೇಲೆ ಮೊದ್ಲು ಗುಂಡಿ ಎಂತದ್ದು ಅಂತ ನೋಡ್ಬೇಕು. ಇಲ್ಲೇ ಸುಮಾರು ಜನ ಎಡವೋದು. ಅಂಗ್ಡಿಯವ್ನು ತೆಂಗಿನ ಗುಂಡಿಗೂ ಆಯ್ತದೆ ಅಂತಾನೆ. ತೆಂಗಿಗೆ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಅಡಿಕೆಗೂ ಎರಡೂವರೆ ಮೂರಡಿ. ಕೈಲಿ ಹಿಡ್ಕೊಳ್ಳೋ ಮಿಷನ್ನು ಮಾಡೋದು ಆರು, ಎಂಟು, ಜಾಸ್ತಿ ಅಂದ್ರೆ ಹನ್ನೆರಡು ಅಂಗುಲದ ತೂತ. ಅದ್ರಲ್ಲಿ ತೆಂಗಿನ ಸಸಿ ಇಟ್ರೆ ಮಡಕೆಯೊಳಗೆ ಇಟ್ಟಂಗೆ. ತೆಂಗಿಗೆ ಅಂತ ಇದನ್ನ ಯಾರೂ ತಗಬೇಡಿ. ಬೇಲಿ ಕಂಬ, ಸಿಲ್ವರ್, ತೇಗ, ಹೆಬ್ಬೇವು, ಪಪ್ಪಾಯಿ, ಕರಿಬೇವು, ಮರಗಡ್ಡಿ ರೇಷ್ಮೆ ನಾಟಿ, ಇವಕ್ಕೆ ಸರಿ. ಬಾಳೆಗೆ ಒಂದೂವರೆ ಅಡಿ ಚೌಕ ಬೇಕು, ಅದಕ್ಕೊಂದು ಉಪಾಯ ಅದೆ, ಆಮೇಲೆ ಹೇಳ್ತೀನಿ.

ಅಂಗುಲದ ಲೆಕ್ಕವೂ ವಸಿ ನೋಡಿ. ಎಂಟಂಗುಲಕ್ಕೂ ಹನ್ನೆರಡಂಗುಲಕ್ಕೂ ನಾಕೇ ಅಂಗುಲ ವ್ಯತ್ಯಾಸ ಅಲ್ವಾ ಅನ್ನಿಸ್ತದೆ. ಆದ್ರೆ ಎತ್ತಬೇಕಾದ ಮಣ್ಣು ಎರಡೂಕಾಲರಷ್ಟು ಆಯ್ತದೆ. ದೋಸೆ ಕಾವಲಿ ನಾಕು ಬೆರಳು ಅಗಲ ಆದ್ರೆ ಹಿಟ್ಟು ಎಷ್ಟು ಜಾಸ್ತಿ ಹಿಡೀತದೆ, ನಮಗೆ ಗೊತ್ತಿಲ್ವಾ? ಮಿಷನ್ನಿಗೂ ಅದೇ. ಕೈಗೂ ಅದೇ. ನಮ್ಮ ಕಲ್ಲು ಕಂಬ ಐದಂಗುಲ ಚೌಕ, ಮೂಲೆಯಿಂದ ಮೂಲೆಗೆ ಏಳಂಗುಲ ಬತ್ತದೆ. ಎಂಟಂಗುಲದ ಬಿಟ್ಟು ಸಾಕು. ಹನ್ನೆರಡಂಗುಲದ್ದನ್ನ ಫ್ರೀ ಕೊಡ್ತೀನಿ ಅಂದ್ರೂ ನಾನು ತಗಳ್ಲಿಲ್ಲ. ಫ್ರೀ ಕೊಟ್ರೆ ಒಂದಿನ ಯಾರೋ ಹಾಕಿ ನೋಡೇ ನೋಡ್ತಾರೆ.

ಟ್ರ್ಯಾಕ್ಟರಿಗೆ ಹಾಕೋ ದೊಡ್ಡದು ಅದೆಯಲ್ಲ, ಹಿಂದೆ ಕಟ್ಟಿ ಇಳಿಸೋದು, ಅದನ್ನ ಬಾಡಿಗೆಗೆ ಕರೆಸೋಣ ಅಂತಲೇ ಮೊದ್ಲು ಇದ್ದೊ. ಬಯಲು ಹೊಲಕ್ಕೆ ಅದ್ರಷ್ಟು ಒಳ್ಳೇದು ಇನ್ನೊಂದಿಲ್ಲ. ಆದ್ರೆ ನಮ್ಮ ಬೇಲಿ ಸಾಲಿನ ಪಕ್ಕದಲ್ಲೇ ಪಕ್ಕದವ್ರ ಕಬ್ಬು, ಈಕಡೆ ನಮ್ಮ ತೆಂಗು. ಟ್ರ್ಯಾಕ್ಟರ್ ತಿರುಗಕ್ಕೆ ಜಾಗ ಇಲ್ಲ. ಬದಾದ ಮೇಲೆ ಹತ್ತಿಸಕ್ಕಾಗಲ್ಲ.

ಕೈ ಮಿಷನ್ನಿನಲ್ಲಿ ಮೂರು ಥರ. ಪೆಟ್ರೋಲಿಂದು, ವೈರಿಂದು, ಬ್ಯಾಟ್ರಿದು.

ಪೆಟ್ರೋಲಿಂದು ಎಲ್ಲಾ ಕಡೆ ಅದೆ. 52 ಸಿಸಿ, 63 ಸಿಸಿ ಅಂತ ಬರೆದಿರ್ತದೆ. ಟೂ ಸ್ಟ್ರೋಕ್ ಇಂಜಿನ್ನು, ಔಷ್ದಿ ಹೊಡಿಯೋ ಪವರ್ ಸ್ಪ್ರೇಯರ್ ಥರಾನೇ ಹಗ್ಗ ಎಳೆದು ಸ್ಟಾರ್ಟ್ ಮಾಡೋದು. ಬೆಲೆ ಕಡ್ಮೆ, ಬ್ಯಾಟ್ರಿದರ ಅರ್ಧಕ್ಕೂ ಕಡ್ಮೆಗೆ ಸಿಕ್ತದೆ. ಬಲವೂ ಜಾಸ್ತಿ. ದಿನವೆಲ್ಲಾ ಓಡ್ತದೆ, ಪೆಟ್ರೋಲು ಹುಯ್ತಾ ಇದ್ರೆ ಸಾಕು. ನೂರು ಗುಂಡಿ ಕೊರೆದು ಬಾಡಿಗೆಗೆ ಹೋಗೋ ಹುಡುಗ್ರಿಗೆ ಅದೇ ಸರಿ. ಆದ್ರೆ ಪೆಟ್ರೋಲಿಗೆ ಆಯಿಲ್ ಬೆರೆಸ್ಬೇಕು. ಕೆಲವಕ್ಕೆ ಲೀಟರಿಗೆ 40 ಎಂ.ಎಲ್., ಕೆಲವಕ್ಕೆ 20 ಎಂ.ಎಲ್., ಮಿಷನ್ನಿನ ಪುಸ್ತಕದಲ್ಲಿ ಏನದೆಯೋ ಅದೇ. ಆಯಿಲ್ಲು ಹಾಕದೆ ಬರೀ ಪೆಟ್ರೋಲ್ ಹಾಕಿದ್ರೆ ಇಂಜಿನ್ನು ಒಳಗೆ ಉಜ್ಜಿ ಹಿಡ್ಕೊಂಡು ಕೂರ್ತದೆ. ಬೆರೆಸಿದ್ದನ್ನ ತಿಂಗಳುಗಟ್ಲೆ ಮಡಗಿದ್ರೆ ಕಾರ್ಬುರೇಟರ್ ಕಟ್ಕೊಳ್ತದೆ. ಒಂದು ವರ್ಷಕ್ಕೆ ಎರಡು ವಾರ ಮಾತ್ರ ಬಳಸೋ ನಮ್ಮಂತ ಮನೇಲಿ ಇದು ದೊಡ್ಡ ಕಾಟ. ಸ್ಪ್ರೇಯರ್ ಪ್ರತಿ ವರ್ಷ ಮೊದಲ ದಿನ ಸ್ಟಾರ್ಟ್ ಆಗದೆ, ಹಗ್ಗ ಎಳೆದೂ ಎಳೆದೂ ಯಜಮಾನ್ರ ಬಾಯಿಂದ ಏನೇನು ಮಾತು ಬತ್ತವೆ ಅಂತ ನಮಗೆಲ್ಲಾ ಗೊತ್ತಿರೋದೇ. ನಾನು ನೆಂಟ್ರ ಮನೇಲಿ ಎಳೆದು ನೋಡಿದೆ. ಎಂಟನೇ ಸಲಕ್ಕೆ ಹತ್ಕೊಳ್ತು. ಆಗ್ಲೇ ಭುಜ ಸೋತಿತ್ತು, ಗುಂಡಿ ಇನ್ನೂ ಒಂದೂ ಕೊರೆದಿರ್ಲಿಲ್ಲ. ಬಿಟ್ಟು, ಪೆಟ್ರೋಲು ಎಲ್ಲಾ ಸೇರಿ ಹನ್ನೆರಡು ಹದಿಮೂರು ಕೆಜಿ.

ವೈರಿಂದು ಅಗ್ಗ. ಬೇಡ್ರವ್ವ. ಹೊಲದ ಕೊನೆವರೆಗೂ ನೂರು ಮೀಟರ್ ವೈರ್ ಎಳೀಬೇಕು, ಅಷ್ಟು ಉದ್ದಕ್ಕೆ ಕರೆಂಟಿನ ಕಸುವು ದಾರೀಲೇ ಸವೆದು ಮೋಟ್ರು ಬಿಸಿಯಾಯ್ತದೆ. ನಾವು ಕೊರೆಯೋದೇ ಮಳೆ ಬಿದ್ದ ಹಸಿ ನೆಲದಲ್ಲಿ. ತಿರುಗೋ ಬಿಟ್ಟು, ಕಾಲಡಿ ವೈರು, ಹಸಿ ಮಣ್ಣು, ಬರಿಗಾಲು. ಮುಂದೆ ಹೇಳೋದೇ ಬೇಡ.

ಬ್ಯಾಟ್ರಿ ವಿಷ್ಯ ನಮಗೆ ತಲೆಗೆ ಹಾಕ್ದೋನು ನಮ್ಮಣ್ಣನ ಮಗ. ಅವ್ನು ಅಮೆರಿಕದ ಮಿನ್ನೆಸೋಟದಲ್ಲವ್ನೆ. ಆ ರಾಜ್ಯದ ಗಾಡಿ ನಂಬರ್ ಪ್ಲೇಟ್ ಮೇಲೇ ‘ಹತ್ತು ಸಾವಿರ ಕೆರೆ’ ಅಂತ ಬರೆದಿರ್ತದಂತೆ. ಚಳಿಗಾಲ ಬಂತು ಅಂದ್ರೆ ಆ ಕೆರೆಗಳೆಲ್ಲಾ ಮೇಲೆ ಗಡ್ಡೆ ಕಟ್ತವೆ. ಜನ ಅದ್ರ ಮೇಲೆ ನಡ್ಕೊಂಡು ಹೋಗಿ, ತೂತ ಕೊರೆದು, ಗಾಳ ಇಳಿಬುಟ್ಟು ಮೀನು ಹಿಡೀತಾರೆ. ವಿಡಿಯೋ ಕಳ್ಸಿದ್ದ. ನಮ್ಮತ್ತೆ ಮೂರು ಸಲ ಹಾಕಿಸ್ಕೊಂಡು ನೋಡಿದ್ರು. ‘ಅಲ್ಲ ಕಣ್ಲಾ, ಕೆರೆ ಮೇಲೆ ಕುರ್ಚಿ ಹಾಕ್ಕೊಂಡು ಕೂತವ್ರಲ್ಲಾ, ಒಡೆದ್ರೆ?’ ಅಂತ ಫೋನಿನಲ್ಲೇ ಬೈದ್ರು. ಅವ್ನು ಹೇಳ್ದ, ನಡೆದು ಹೋಗಕ್ಕೆ ಕೊನೇಪಕ್ಷ ನಾಕಂಗುಲ ಗಟ್ಟಿ ಗಡ್ಡೆ ಇರ್ಬೇಕು ಅಂತ ಅಲ್ಲಿ ಸರ್ಕಾರದವ್ರೇ ಹೇಳ್ತಾರೆ, ಕಾರು ಗೀರು ಹೋಗ್ಬೇಕಾದ್ರೆ ಅದ್ರ ಎರಡರಷ್ಟಕ್ಕಿಂತ ಜಾಸ್ತಿ. ಅಲ್ಲಲ್ಲಿ ತೂತ ಕೊರೆದು ಅಳೆದು ನೋಡ್ಕೊಂಡೇ ಮುಂದೆ ಹೋಗ್ಬೇಕಂತೆ.

ಆ ತೂತ ಕೊರೆಯೋ ಮಿಷನ್ನು ನೋಡಿದ್ರೆ ನಮ್ದರ ಅಕ್ಕನೋ ತಂಗಿನೋ. ಮೇಲೆ ಮೋಟ್ರು, ಎರಡು ಹಿಡಿ, ಕೆಳಗೆ ಸುರುಳಿ ಬಿಟ್ಟು. ಅಲ್ಲೂ ಆರು, ಎಂಟು, ಹತ್ತು ಅಂಗುಲ ಅಂತಲೇ ಲೆಕ್ಕ. ಅಲ್ಲೂ ಮೊದ್ಲು ಎಲ್ರೂ ಪೆಟ್ರೋಲಿಂದೇ ಬಳಸ್ತಿದ್ರು, ಈಗ ಬ್ಯಾಟ್ರಿ ಕಡೆ ಜನ ಜಾಸ್ತಿ ತಿರುಗವ್ರೆ ಅಂದ. ಕೊರೆಯುವ ಹಲ್ಲು ಮಾತ್ರ ಬೇರೆ. ಗಡ್ಡೆಗೆ ಈಳಿಗೆಮಣೆ ಥರ ಹರಿತವಾದ ಅಲಗು, ಅದು ತೆಳ್ಳಗೆ ಹೆರೀತಾ ಹೋಯ್ತದೆ. ತಳದ ಮರಳಿಗೆ ಒಂದ್ಸಲ ತಾಗಿದ್ರೂ ಅಲಗು ಮೊಂಡು. ನಮ್ಮ ಮಣ್ಣಿಂದಕ್ಕೆ ದಪ್ಪ ಹಲ್ಲು, ನಡುವೆ ಮೊಳೆಯಂಗೆ ಒಂದು ಮೂತಿ. ಬಿಟ್ಟು ಅದಲುಬದಲು ಮಾಡಂಗಿಲ್ಲ. ಆನ್‌ಲೈನಿನಲ್ಲಿ ನೋಡುವಾಗ ಎರಡೂ ಪಕ್ಕಪಕ್ಕ ಬತ್ತವೆ, ಚಿತ್ರ ಒಂದೇ ಥರ ಕಾಣ್ತದೆ, ಅದಕ್ಕೇ ಹೇಳಿದ್ದು. ಇನ್ನೊಂದು ಮಾತು ಹೇಳ್ದ, ಅಲ್ಲಿ ಚಳಿಗೆ ಬ್ಯಾಟ್ರಿ ಸೋಲ್ತದೆ ಅಂತ ಜರ್ಕಿನ್ ಒಳಗೆ ಇಟ್ಕೊಂಡು ಬೆಚ್ಚಗೆ ಮಾಡ್ತಾರಂತೆ. ನಮ್ಮಲ್ಲಿ ಅದ್ರ ಉಲ್ಟಾ. ಬಿಸ್ಲಿಗೆ ಬುಟ್ರೆ ಕೆಡ್ತದೆ. ಬಿಸಿ ಬ್ಯಾಟ್ರಿನ ಚಾರ್ಜರ್‌ಗೆ ಹಾಕಿದ್ರೆ ಕೆಂಪು ದೀಪ ತೋರಿಸಿ ಸುಮ್ಕೆ ಕೂರ್ತದೆ, ತಣ್ಣಗಾಗೋವರ್ಗೂ ಚಾರ್ಜ್ ಹಿಡಿಯಕ್ಕಿಲ್ಲ. ನಾವು ಹೊಲದಲ್ಲಿ ಎರಡನೇ ಬ್ಯಾಟ್ರಿನ ಮಜ್ಜಿಗೆ ಪಾತ್ರೆ ಪಕ್ಕ, ಮರದಡಿ ಮಡಗ್ತೀವಿ.

ಬೆಲೆ ನೋಡಿ ಎದೆ ಧಸಕ್ ಅಂದಿದ್ದು ನಿಜ. ಎರಡು ಬ್ಯಾಟ್ರಿ, ಒಂದು ಚಾರ್ಜರು, ಆರಂಗುಲದ್ದು ಎಂಟಂಗುಲದ್ದು ಎರಡು ಬಿಟ್ಟು ಸೇರಿ ಮೂವತ್ತೆಂಟು ಸಾವಿರದ ಮೇಲೆ. ಮನೆ ಗಂಡಸ್ರೆಲ್ಲಾ ಒಂದೇ ಮಾತು, ‘ಆ ದುಡ್ಡಿಗೆ ಮೂರು ಪೆಟ್ರೋಲ್ ಮಿಷನ್ನು ಬತ್ತವೆ.’ ಬತ್ತವೆ, ಇಲ್ಲ ಅನ್ನಲ್ಲ. ನಾವು ಬ್ಯಾಟ್ರಿದೇ ಅಂತ ಹಠ ಹಿಡಿದಿದ್ದಕ್ಕೆ ಕಾರಣ ಬೇರೆ ಇತ್ತು.

ನಮ್ಮ ಚಿಕ್ಕಮ್ಮನ ಮಗಳು, ಕಿಕ್ಕೇರಿ ಕಡೆ ಕೊಟ್ಟಿರೋಳು, ಮೂರು ವರ್ಷದ ಹಿಂದೆ ಪೆಟ್ರೋಲ್ ಮಿಷನ್ನು ಹಿಡಿದಿದ್ಳು. ಬದಾದ ಹತ್ರ ಹಳೇ ಹುಣಸೆ ಮರದ ಬೇರು, ಕಾಣ್ಲಿಲ್ಲ. ಬಿಟ್ಟು ಬೇರಿಗೆ ಸಿಕ್ಕಿ ಗಕ್ಕನೆ ನಿಂತ್ಕೊಳ್ತು. ಬಿಟ್ಟು ನಿಂತ್ರೆ ಇಂಜಿನ್ನಿನ ಬಲ ಎಲ್ಲಿಗೆ ಹೋಗ್ಬೇಕು? ಮೇಲಿನ ಮೈ ಉಲ್ಟಾ ತಿರುಗ್ತದೆ. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿದ್ಳು, ಹಿಡಿಯೇ ಮಣಿಕಟ್ಟು ತಿರುವಿಬುಡ್ತು. ಬಲಗೈ ಮೂಳೆ ಎರಡು ಕಡೆ ಮುರೀತು. ಎರಡೂವರೆ ತಿಂಗಳು ಹಸ ಕರೆಯಕ್ಕಾಗ್ಲಿಲ್ಲ. ಅತ್ತೆಗೆ ಆಗ್ತಿರ್ಲಿಲ್ಲ, ಗಂಡನಿಗೆ ಹಸ ಹಾಲು ಬುಡ್ತಿರ್ಲಿಲ್ಲ. ಎರಡು ಹಸದಲ್ಲಿ ಒಂದನ್ನ ಮಾರಿದ್ರು. ಡೇರಿ ಬಟವಾಡೆ ದುಡ್ಡೇ ಅವ್ಳ ಕೈಗೆ ಬತ್ತಿದ್ದ ದುಡ್ಡು. ಈಗ್ಲೂ ರಾಗಿಮುದ್ದೆ ತಿರುವುವಾಗ ಕೈ ಎಡವಟ್ಟಾಗಿ ಹಿಡೀತಾಳೆ, ನೋಡಿರ್ತೀರಿ.

ಅದಕ್ಕೇ ನಾನು ಅಂಗ್ಡೀಲಿ ಎಷ್ಟು ಸಿಸಿ, ಎಷ್ಟು ವೋಲ್ಟು ಅಂತ ಕೇಳ್ಲಿಲ್ಲ. ‘ಬಿಟ್ಟು ಸಿಕ್ಕಾಕ್ಕೊಂಡ್ರೆ ಏನಾಯ್ತದೆ, ತೋರ್ಸಿ’ ಅಂದೆ. ಮೊದಲ ಅಂಗ್ಡಿಯವ್ನು ನಕ್ಕ. ಎರಡನೇ ಅಂಗ್ಡಿಯವ್ನು, ಗಟ್ಟಿಯಾಗಿ ಹಿಡ್ಕೋಬೇಕಮ್ಮ ಅಂದ. ಗಟ್ಟಿಯಾಗಿ ಹಿಡಿದಿದ್ದಕ್ಕೇ ನಮ್ಮ ಹುಡುಗಿ ಕೈ ಮುರಿದಿದ್ದು. ಮೂರನೇ ಕಡೆ ಒಬ್ಬ ಹುಡುಗ ಸರಿಯಾಗಿ ಬಿಡಿಸಿ ಹೇಳ್ದ. ಒಳ್ಳೆ ಬ್ಯಾಟ್ರಿ ಮಿಷನ್ನುಗಳಲ್ಲಿ ಮೈ ಗಕ್ಕನೆ ತಿರುಗಿದ್ರೆ ಗೊತ್ತು ಮಾಡ್ಕೊಂಡು ಮೋಟ್ರು ತಾನೇ ನಿಲ್ಲೋ ವ್ಯವಸ್ಥೆ ಇರ್ತದೆ. ಎಲ್ಲಾದ್ರಲ್ಲೂ ಇರಕ್ಕಿಲ್ಲ, ಅಗ್ಗದವುಗಳಲ್ಲಿ ಇಲ್ಲ. ಕೇಳಿ, ಅಂಗ್ಡಿ ಮುಂದೆ ಮಣ್ಣಲ್ಲಿ ಒಂದು ಕಲ್ಲು ಹೂತು, ಕೊರೆಸಿ ನೋಡಿ ತಗಳಿ. ಪೆಟ್ರೋಲಿಂದ್ರಲ್ಲೂ ದೊಡ್ಡ ಕಂಪ್ನಿಯವು ಕೆಲವಕ್ಕೆ ಬ್ರೇಕು ಇರ್ತದೆ, ಅದ್ರ ಬೆಲೆ ಬ್ಯಾಟ್ರಿದಕ್ಕೆ ಕಮ್ಮಿ ಏನಿಲ್ಲ. ಇನ್ನು ಹಿಡಿ. ಹಿಡಿ ಎಷ್ಟು ಅಗಲ ಅದೆಯೋ ಕೈಗೆ ಅಷ್ಟು ಕಡ್ಮೆ ಹೊಡ್ತ. ಬೀಸೋ ಕಲ್ಲಿನ ಗೂಟ ಅಂಚಿಗೆ ಯಾಕೆ ಮಡಗ್ತಾರೆ, ನಡುವಿಗೆ ಯಾಕೆ ಮಡಗಲ್ಲ? ಅದೇ ಲೆಕ್ಕ. ನಮ್ದು ಇಬ್ರು ಹಿಡಿಯಂಗೆ ಅಗಲದ ಹಿಡಿ ಇರೋದು.

ಬ್ಯಾಟ್ರಿದ್ರಲ್ಲಿ ಇನ್ನೊಂದು ಸುಖ, ಹಿಂದಕ್ಕೆ ತಿರುಗಿಸೋ ಗುಂಡಿ. ಜೇಡಿಯಲ್ಲಿ ಬಿಟ್ಟು ಹೂತ್ಕೊಂಡು ಕೂತ್ರೆ ಹಿಂದಕ್ಕೆ ತಿರುಗ್ಸಿ ಬಿಡಿಸ್ಕೋಬಹುದು. ಅಗ್ಗದ ಪೆಟ್ರೋಲಿಂದಕ್ಕೆ ಅದಿಲ್ಲ. ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸ್ಬೇಕು, ಇಲ್ಲ ಸುತ್ತ ಅಗೆದು ಬಿಡಿಸ್ಬೇಕು. ಗುಂಡಿ ತೋಡೋ ಮಿಷನ್ನನ್ನ ಗುಂಡಿ ತೋಡಿ ಈಚೆ ತೆಗಿಯೋದು ನೋಡಿದ್ರೆ ನಗ್ಬೇಕೋ ಅಳ್ಬೇಕೋ.

ದುಡ್ಡು ಎಲ್ಲಿಂದ ಅಂತೀರಾ? ಗೃಹಲಕ್ಷ್ಮಿದು. 2023ರ ಆಗಸ್ಟಿನಲ್ಲಿ ಮೈಸೂರಲ್ಲಿ ಶುರು ಮಾಡಿದ್ರಲ್ಲ, ತಿಂಗಳಿಗೆ 2,000. ತಲಾ ಹನ್ನೆರಡು ಸಾವಿರದ ಎಂಟುನೂರು ಅಂದ್ರೆ ಆರು ಕಂತು ಚಿಲ್ರೆ. ಕೆಲವರು ಅದ್ರಲ್ಲಿ ಚೀಟಿ ಹಾಕವ್ರೆ, ಫ್ರಿಜ್ ತಂದವ್ರೆ. ನಾವು ಇದನ್ನ ತಂದೊ. ಬ್ಯಾಂಕಿನಿಂದ ತೆಗೆಯೋ ದಿನ ಪಕ್ಕದ್ಮನೆ ಅಕ್ಕ ಎರಡು ಸಲ ವಾಪಸ್ಸು ಹೋಗಿ ಕೂತ್ಕೊಂಡ್ಳು, ‘ನನ್ ಗಂಡ ಏನಂತಾನೋ’ ಅಂತ. ಅವ್ನು ಏನೂ ಅನ್ಲಿಲ್ಲ. ಒಂದು ವಾರ ಮಾತಾಡ್ಲಿಲ್ಲ ಅಷ್ಟೇ.

ಸಬ್ಸಿಡಿ ಕೇಳಿದ್ರಾ ಅಂತ ಎಲ್ರೂ ಕೇಳ್ತೀರಿ. ಕೇಳಿದೊ. ಕೃಷಿ ಯಾಂತ್ರೀಕರಣದಲ್ಲಿ ಸಬ್ಸಿಡಿ ಅದೆ, ಕೇಂದ್ರದ ಯೋಜನೇಲಿ ಹೆಂಗಸ್ರಿಗೆ, ಸಣ್ಣ ರೈತ್ರಿಗೆ ವಸಿ ಜಾಸ್ತಿನೇ ಅದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇರೋದ್ರಿಂದ ದೂರವೂ ಹೋಗ್ಬೇಕಾಗಿಲ್ಲ. ಆದ್ರೆ ಪಟ್ಟೀಲಿ ಇರೋ ಮಿಷನ್ನಿಗೆ ಮಾತ್ರ ಕೊಡ್ತಾರೆ, ಆ ವರ್ಷದ ದುಡ್ಡು ಇರೋವರ್ಗೂ ಮಾತ್ರ ಕೊಡ್ತಾರೆ. ಅದಕ್ಕಿಂತ ದೊಡ್ಡ ವಿಷ್ಯ, ಪಹಣಿ. ಅರ್ಜಿ ಹಾಕೋರ ಹೆಸ್ರು ಪಹಣೀಲಿ ಇರ್ಬೇಕು, ಫ್ರೂಟ್ಸ್ ನಂಬರ್ ಆ ಹೆಸ್ರಿಗೇ ಆಗಿರ್ಬೇಕು. ನಮ್ಮ ಮೂವರಲ್ಲಿ ಯಾರ ಹೆಸ್ರು ಇತ್ತು? ನನ್ನ ಜಮೀನು ಮಾವನ ಹೆಸ್ರಲ್ಲಿ, ಅವ್ರು ಹೋಗಿ ಒಂಬತ್ತು ವರ್ಷ ಆಯ್ತು, ಇನ್ನೂ ಪೌತಿ ಖಾತೆ ಆಗಿಲ್ಲ. ಓರಗಿತ್ತಿದೂ ಅದೇ. ಅಕ್ಕಂದು ಗಂಡನ ಹೆಸ್ರು. ಮೂವತ್ತು ವರ್ಷದಿಂದ ಕಳೆ ಕಿತ್ತಿರೋ ಹೊಲದಲ್ಲಿ ನಾವು ರೈತರು ಅನ್ನೋದಕ್ಕೆ ಒಂದು ಸಾಲು ಬರಹ ಇಲ್ಲ. ಮಿಷನ್ನಿಗೋಸ್ಕರ ಹೋಗಿದ್ದು, ಬಂದ್ಮೇಲೆ ಅತ್ತೆನೇ ಮೊದ್ಲು ಎತ್ತಿದ್ರು, ‘ಈ ವರ್ಷ ಖಾತೆ ಮಾಡಿಸ್ಕಳಿ, ಸೊಸೇರ ಹೆಸ್ರೂ ಸೇರ್ಸಿ’ ಅಂತ. ಕಾಗ್ದ ಕೊಟ್ಟಿದ್ದೀವಿ. ನೋಡ್ಬೇಕು.

ಒಂದು ಮಾತು ಬರೀಬೇಕೋ ಬ್ಯಾಡ್ವೋ ಅಂತ ಯೋಚಿಸ್ದೆ. ಬರೀತೀನಿ. ಮಿಷನ್ನು ತಂದ ಮಾರನೇ ದಿನ ನಮ್ಮ ಬೀದೀಲೇ ಇರೋ ಒಬ್ರು ದೊಡ್ಡಮ್ಮ ಬಂದು ಜಗಲಿ ಮೇಲೆ ಕೂತ್ಕೊಂಡು ಅದ್ನ ನೋಡಿದ್ರು. ಗಂಡ ಹೆಂಡ್ತಿ ಇಬ್ರೂ ಗುಂಡಿ ತೋಡಿ, ಬದು ಹಾಕಿ, ಮಕ್ಕಳನ್ನ ಸಾಕ್ದೋರು. ‘ಇನ್ಮೇಲೆ ನಮ್ನ ಯಾರು ಕರೆದೀರವ್ವ’ ಅಂದ್ರು. ಕೋಪದಲ್ಲಿ ಅನ್ಲಿಲ್ಲ. ನನಗೆ ಏನು ಹೇಳ್ಬೇಕು ಅಂತ ತಿಳೀಲಿಲ್ಲ, ಕಾಫಿ ಕೊಟ್ಟೆ. ತೆಂಗಿನ ಗುಂಡಿಗೆ ಈಗ್ಲೂ ಅವ್ರೇ ಬೇಕು, ಅದಕ್ಕೆ ಮಿಷನ್ನು ಆಗಕ್ಕಿಲ್ಲ, ಕರೀತೀವಿ. ಬಾಳೆ ನಾಟಿಗೆ ಮೂರು ದಿನ ಕರೆದೊ. ಆದ್ರೆ ಬೇಲಿ ಗುಂಡಿಯ ಆ ಐದು ದಿನದ ಕೂಲಿ ಅವ್ರಿಗೆ ಹೋಯ್ತು, ಅದು ನಿಜ. ಉದ್ಯೋಗ ಖಾತ್ರಿಗೆ ಮಾತ್ರ ಈ ಮಿಷನ್ನು ಕೊಡೋದಿಲ್ಲ ಅಂತ ಮೂವರೂ ಮೊದ್ಲೇ ಮಾತಾಡ್ಕೊಂಡಿದ್ದೀವಿ. 2005ರ ಆ ಕಾಯ್ದೇಲೇ ಆಳಿನ ಕೆಲಸ ಕಿತ್ಕೊಳ್ಳೋ ಮಿಷನ್ನು ತರಬಾರ್ದು ಅಂತ ಇತ್ತು. 2025-26ರಲ್ಲಿ ದಿನಕ್ಕೆ 370 ರೂಪಾಯಿ, ಗಂಡಿಗೂ ಹೆಣ್ಣಿಗೂ ಒಂದೇ. ನಮ್ಮ ಹೊಲಗಳಲ್ಲಿ ಅಂಗೆ ಸಮ ಕೊಡೋರು ಯಾರವ್ರೆ ಹೇಳಿ. ಜಾಬ್ ಕಾರ್ಡ್ ಇದ್ದು, ಖಾತ್ರೀಲಿ ಗುಂಡಿ ತೋಡಿಸ್ಕೊಳ್ಳೋ ಅವಕಾಶ ಸಿಕ್ಕೋರು ಮಿಷನ್ ಕಡೆ ನೋಡ್ಲೇಬೇಡಿ.

ಇನ್ನು ಬಳಸೋ ಬಗೆ. ಇದನ್ನ ವಸಿ ಗಮನ ಕೊಟ್ಟು ಓದಿ, ಬಾಡಿಗೆಗೆ ತಗೊಂಡು ಹೋಗೋರು ಓದ್ಲೇಬೇಕು.

ಮೊದ್ಲು ಬಟ್ಟೆ. ಸೀರೆ ಸೆರಗು, ವೇಲು, ಜಡೆ, ಇವು ಮೂರೂ ಬಿಟ್ಟಿಗೆ ದಾರ ಸುತ್ತಿದಂಗೆ ಸುತ್ಕೊಳ್ತವೆ. ಜಡೆನ ಗಂಟು ಹಾಕಿ ಟವೆಲ್ ಬಿಗೀರಿ. ಸೀರೆ ಮೇಲೆ ಗಂಡಂದೋ ಮಗಂದೋ ಶರ್ಟು ಹಾಕಿ, ನೆರಿಗೆ ಎತ್ತಿ ಕಟ್ಟಿ. ನಾನು ಈಗ ಮಗಳ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಳ್ತೀನಿ, ನಗೋರು ನಗ್ಲಿ. ಕಾಲಿಗೆ ಶೂ ಬೇಕೇ ಬೇಕು, ಚಪ್ಲಿ ಅಲ್ಲ. ಮಕ್ಕಳು ಹತ್ತಡಿ ದೂರ.

ಒಣ ನೆಲ ಆದ್ರೆ ಹಿಂದಿನ ದಿನ ಬೈಗಿಗೆ ಗುರುತು ಹಾಕಿದ ಜಾಗಕ್ಕೆಲ್ಲಾ ಎರಡೆರಡು ಚೊಂಬು ನೀರು ಹುಯ್ದು ಬುಡಿ. ಹೊತ್ತಾರೆಗೆ ಮಣ್ಣು ಪುಡಿಪುಡಿಯಾಗಿ ಬತ್ತದೆ. ಕೊರೆಯೋಕೆ ಮುಂಚೆ ಹಾರೇಲಿ ಒಂದ್ಸಲ ಕುಟ್ಟಿ ನೋಡಿ. ಠಣ್ ಅಂದ್ರೆ ಕಲ್ಲು, ಒಂದು ಗೇಣು ಅತ್ತಿತ್ತ ಸರೀರಿ. ಮರದ ಬುಡದ ಹತ್ರ ಹೋಗ್ಲೇಬೇಡಿ. ಒಂದೇ ಉಸಿರಿಗೆ ಎರಡಡಿ ಇಳಿಸೋ ಆಸೆ ಬೇಡ. ಗೇಣುದ್ದ ಇಳಿದ್ಮೇಲೆ ತಿರುಗ್ತಾ ಇರುವಾಗ್ಲೇ ಮೇಲಕ್ಕೆತ್ತಿ, ಮಣ್ಣು ಚೆಲ್ಲಲಿ, ಮತ್ತೆ ಇಳ್ಸಿ. ಸೊಂಟ ಹೋಗೋದು ಕೊರೆಯೋದ್ರಲ್ಲಿ ಅಲ್ಲ, ಮಣ್ಣು ತುಂಬಿದ ಬಿಟ್ಟು ಮೇಲಕ್ಕೆತ್ತೋದ್ರಲ್ಲಿ. ಮೇಲಿಂದ ಒತ್ತಬೇಡಿ, ಅದ್ರ ಭಾರಕ್ಕೆ ಅದೇ ಇಳೀತದೆ.

ನಮ್ಮ ಕೆಂಪು ಮಣ್ಣಲ್ಲಿ ಒಂದು ಬ್ಯಾಟ್ರಿಗೆ ಇಪ್ಪತ್ತರ ಹತ್ರ ಗುಂಡಿ ಆದೊ. ನಾಲೆ ಕೆಳಗಿನ ಅಕ್ಕನ ಕರಿ ಮಣ್ಣಲ್ಲಿ ಹನ್ನೊಂದಕ್ಕೇ ಸುಸ್ತಾಯ್ತು. ಎರಡು ಬ್ಯಾಟ್ರಿ ಅಂದ್ರೆ ಹೊತ್ತಾರೆ ಒಂದು ಪಟ್ಟು, ಮಧ್ಯಾಹ್ನ ಉಂಡು ಚಾರ್ಜ್ ಮಾಡ್ಕೊಂಡು ಬೈಗಿಗೆ ಒಂದು ಪಟ್ಟು. ಮನೆ ಕರೆಂಟಿಗೇ ಆಯ್ತದೆ, ತ್ರೀ ಫೇಸ್ ಬರೋದನ್ನ ಕಾಯ್ಬೇಕಾಗಿಲ್ಲ. ಆರು ಸಲ ಚಾರ್ಜ್ ಮಾಡಿದ್ರೂ ಹತ್ತತ್ರ ಒಂದು ಯೂನಿಟ್ಟು. ಪೆಟ್ರೋಲು ಲೀಟರ್ ನೂರು ದಾಟದೆ, ನೀವೇ ನೋಡ್ಕಳಿ.

ಕರಿ ಮಣ್ಣಿನೋರಿಗೆ ಇನ್ನೊಂದು ಮಾತು. ಹಸಿ ಜೇಡಿಯಲ್ಲಿ ಬಿಟ್ಟು ತಿರುಗಿದ್ರೆ ಗುಂಡಿ ಗೋಡೆ ಸಾರಿಸಿದಂಗೆ ನುಣ್ಣಗಾಯ್ತದೆ. ನೋಡಕ್ಕೆ ಸಂದಾಗಿರ್ತದೆ, ಗಿಡಕ್ಕೆ ಮಾತ್ರ ಕೇಡು. ಎಳೆ ಬೇರು ಆ ಗೋಡೆ ತೂರಿ ಹೋಗಕ್ಕಾಗ್ದೆ ಒಳಗೊಳಗೇ ಸುತ್ತಾಕ್ಕೊಳ್ತದೆ, ನೀರೂ ಇಂಗದೆ ನಿಲ್ತದೆ. ಕಂಬಕ್ಕಾದ್ರೆ ಚಿಂತೆ ಇಲ್ಲ. ಗಿಡಕ್ಕಾದ್ರೆ ಹಾರೆ ಮೂತೀಲೋ ಕುಡುಗೋಲಿನಲ್ಲೋ ಗೋಡೆನ ಗೀರಿ ಒರಟು ಮಾಡಿ, ಆಮೇಲೆ ಗೊಬ್ರ ಹಾಕಿ ನೆಡಿ.

ಬಾಳೆ ಉಪಾಯ ಹೇಳ್ತೀನಿ ಅಂದಿದ್ದೆ. ಎಂಟಂಗುಲದ ಬಿಟ್ಟಲ್ಲಿ ಅಡುಗೆ ಒಲೆಗುಂಡಿನಂಗೆ ಮೂರು ತೂತ, ಒಂದಕ್ಕೊಂದು ಮೂರು ನಾಕು ಬೆರಳು ಬಿಟ್ಟು ಕೊರೀರಿ. ಒಂದ್ರ ಮೇಲೊಂದು ಬರಂಗೆ ಕೊರೆಯಕ್ಕೆ ಹೋದ್ರೆ ಬಿಟ್ಟು ಜಾರಿ ಮೊದಲ ತೂತಕ್ಕೇ ಬೀಳ್ತದೆ. ಆಮೇಲೆ ನಡುವಿನ ಗೋಡೆನ ಹಾರೇಲಿ ಎರಡೇಟು ಹಾಕಿದ್ರೆ ಪೊಳಕ್ ಅಂತ ಒಡೀತದೆ, ಒಂದೂವರೆ ಅಡಿ ಗುಂಡಿ ತಯಾರು. ನೂರು ಗುಂಡಿ ನಾಕು ದಿನದಲ್ಲಿ ಮುಗಿಸ್ದೊ, ನಾನು ಓರಗಿತ್ತಿ ಇಬ್ರೇ. ಯಜಮಾನ್ರು ಮರದಡಿ ಕೂತು ಕಂದಿನ ಬೇರು ಸವರಿ ಕೊಡ್ತಿದ್ರು. ಎರಡನೇ ದಿನ ಎದ್ದು ಬಂದು, ‘ವಸಿ ಕೊಡು ನೋಡ್ತೀನಿ’ ಅಂದ್ರು. ಕೊಡ್ಲಿಲ್ಲ. ಬ್ಯಾಟ್ರಿ ಬಿಚ್ಚಿ ಶರ್ಟು ಜೇಬಿಗೆ ಹಾಕ್ಕೊಂಡೆ. ಹಾರೆ ಬಚ್ಚಿಡೋದಕ್ಕಿಂತ ಇದು ಸಲೀಸು.

ಬೇಕಾದೋರಿಗೆ ಬಾಡಿಗೆ ದಿನಕ್ಕೆ ನಾನೂರು, ಬ್ಯಾಟ್ರಿ ಎರಡೂ ತುಂಬ್ಸಿ ವಾಪಸ್ಸು ಕೊಡ್ಬೇಕು, ಬಿಟ್ಟು ತೊಳೆದು ಎಣ್ಣೆ ಒರೆಸಿರ್ಬೇಕು. ಹೆಂಗಸ್ರು ಬಂದು ಕೇಳಿದ್ರೆ ನಾವೇ ಒಬ್ರು ಜೊತೇಲಿ ಬಂದು ಮೊದಲ ಐದು ಗುಂಡಿ ಹಿಡಿದು ತೋರಿಸ್ತೀವಿ. ಕಂಪ್ನಿ ಹೆಸ್ರು ಇಲ್ಲಿ ಬರಿಯಕ್ಕಿಲ್ಲ, ಅಟ್ಟಿ ತಾವ ಬನ್ನಿ, ನೋಡಿ, ಎತ್ತಿ ನೋಡಿ. ಈ ಭಾನುವಾರದವರ್ಗೂ ಅದು ಓರಗಿತ್ತಿ ಮನೇಲಿ ಅದೆ. ಆಮೇಲೆ ಕಿಕ್ಕೇರಿಗೆ ಹೋಯ್ತದೆ, ಚಿಕ್ಕಮ್ಮನ ಮಗಳು ನಲವತ್ತು ಕರಿಬೇವು ಹಾಕ್ತಾಳಂತೆ. ಹಿಡಿಯೋಳು ಅವ್ಳೇ ಅಂತೆ, ನಾನು ಬರ್ಬೇಕಂತೆ ಜೊತೆಗೆ.